ಕುಡುಗೋಲಿಗೆ ಎಣ್ಣೆ, ಕಾವಲಿಗೆ ಗುಜರಿ?

ಈ ಬರಹ ಗಂಡಸರಿಗೆ. ಅದರಲ್ಲೂ ನನ್ನಂಥ ರೈತರಿಗೆ.

ಮೊನ್ನೆ ಪಂಪಿನ ಬೋಲ್ಟ್ ಹುಡುಕಿಕೊಂಡು ಗುಜರಿ ಅಂಗಡಿಗೆ ಹೋಗಿದ್ದೆ. ಮೂಲೇಲಿ ದೋಸೆ ಕಾವಲಿ, ಬಾಣಲೆ, ಈಳಿಗೆಮಣೆ ರಾಶಿ ಬಿದ್ದಿದ್ವು. "ತುಕ್ಕು ಹಿಡಿದಿದ್ದು, ಕರಗಿಸೋಕೆ ಹೋಗುತ್ತೆ ಅಣ್ಣಾ" ಅಂದ ಅಂಗಡಿಯವನು. ಒಂದು ಕಾವಲಿ, ಒಂದು ಈಳಿಗೆಮಣೆ ತಗೊಂಡೆ. ಎರಡಕ್ಕೂ ಸೇರಿ 150 ರೂಪಾಯಿ.

ನಮ್ಮವ್ವನ ಕಾವಲಿಯನ್ನು ಹೀಗೇ ತೂಕಕ್ಕೆ ಹಾಕಿ ಬಂದವನು ನಾನೇ. ಆಮೇಲೆ ತಂದ ನಾನ್‌ಸ್ಟಿಕ್ ತವಾ ಎರಡು ವರ್ಷಕ್ಕೇ ಸಿಪ್ಪೆ ಎದ್ದಿತು. ಈಗ ಮನೇಲಿರೋದು ಮೂರನೆಯದು.

ನೇಗಿಲ ಗುಳ ಒರೆಸಿ ಇಡ್ತೀವಿ. ಕುಡುಗೋಲು ಮಸೆದು, ಎಣ್ಣೆ ಸವರಿ ಸೂರಿಗೆ ಸಿಕ್ಕಿಸ್ತೀವಿ. ತುಕ್ಕು ಬಂತು ಅಂತ ಗುದ್ದಲಿಯನ್ನು ಯಾರಾದ್ರೂ ಗುಜರಿಗೆ ಹಾಕ್ತಾರಾ? ಅದೇ ಕಬ್ಬಿಣ ಅಡುಗೆಮನೆ ಹೊಸ್ತಿಲು ದಾಟಿದ ಕೂಡಲೇ ಹೆಂಗಸರ ಸಾಮಾನು. ತುಕ್ಕು ಬಂದ್ರೆ ಬೈಗುಳ ಅವರಿಗೆ, ಗುಜರಿ ದುಡ್ಡು ನಮ್ಮ ಜೇಬಿಗೆ.

ಸಾಮಾನ್ಯವಾಗಿ ತುಕ್ಕು ಮೇಲಿನ ಪದರ ಅಷ್ಟೇ, ಒಳಗೆ ಕಬ್ಬಿಣ ಗಟ್ಟಿಯಾಗೇ ಇರುತ್ತೆ. ನಾನು ಮಾಡಿದ್ದು ಇಷ್ಟು. ಮೊದಲು ಕಾವಲಿ ತಟ್ಟಿ ನೋಡಿದೆ. ಬೀಡಿನ ಕಾವಲಿ ಗಂಟೆ ಥರ ನುಡೀಬೇಕು. ಮಂಕು ಸದ್ದು ಬಂದ್ರೆ ಬಿರುಕು ಇರಬಹುದು, ಬಿಟ್ಟುಬಿಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ತಂತಿ ಬ್ರಷ್‌, ಉಪ್ಪು ಕಾಗದದಲ್ಲಿ ಉಜ್ಜಿದೆ. ಉಳಿದ ಕಲೆಗೆ ಗಟ್ಟಿ ಹುಣಸೆ ರಸ ಅರ್ಧ ಗಂಟೆ. ರಾತ್ರಿಯಿಡೀ ಬಿಡಬೇಡಿ, ಹುಳಿ ಕಬ್ಬಿಣವನ್ನೂ ತಿನ್ನುತ್ತೆ. ತೊಳೆದ ತಕ್ಷಣ ಒಲೆ ಮೇಲಿಟ್ಟು ಒಣಗಿಸಿದೆ. ಬೆಚ್ಚಗಿರುವಾಗ ಎಣ್ಣೆ ಸವರಿ, ಹಚ್ಚೇ ಇಲ್ಲ ಅನ್ನೋ ಹಾಗೆ ಒರೆಸಿ, ಹೊಗೆ ಬಂದು ನಿಲ್ಲೋವರೆಗೂ ಕಾಯಿಸಿದೆ. ಹೀಗೆ ನಾಲ್ಕು ಸಲ. ಎಣ್ಣೆ ಜಾಸ್ತಿ ಆದ್ರೆ ಅಂಟು ಅಂಟಾಗುತ್ತೆ.

ತೆಂಗು ಬೆಳೆಯೋನು ನಾನೇ ಹೇಳ್ತೀನಿ, ಈ ಪದರಕ್ಕೆ ಕೊಬ್ಬರಿ ಎಣ್ಣೆ ಅಷ್ಟು ಒಳ್ಳೇದಲ್ಲ. ಸೂರ್ಯಕಾಂತಿ ಅಥವಾ ಹುಚ್ಚೆಳ್ಳೆಣ್ಣೆ ಚೆನ್ನಾಗಿ ಕಚ್ಚಿಕೊಳ್ಳುತ್ತೆ. ಈಳಿಗೆಯ ಅಲಗಿಗೆ ಮಾತ್ರ ಬೆಂಕಿ ತೋರಿಸಬೇಡಿ, ಕುಲುಮೆಯಲ್ಲಿ ಕೊಟ್ಟ ಹದ ಹೋಗುತ್ತೆ. ಮಸೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿದ್ರೆ ಸಾಕು. ನೇಗಿಲಿಗೆ ಬಳಿಯೋ ಸುಟ್ಟ ಎಂಜಿನ್ ಆಯಿಲ್ ಅಡುಗೆ ಸಾಮಾನಿನ ಹತ್ತಿರಕ್ಕೂ ತರಬೇಡಿ.

"ಇದಕ್ಕೆಲ್ಲ ಟೈಮ್ ಎಲ್ಲಿದೆ ಗೌಡ್ರೇ?" ಅಂತೀರಿ. ನನಗೆ ಹಿಡಿದದ್ದು ಒಂದು ಭಾನುವಾರದ ಮಧ್ಯಾಹ್ನ, ಬ್ರಷ್ಷು ಕಾಗದಕ್ಕೆ 70 ರೂಪಾಯಿ. ಪೇಟೆಯಲ್ಲಿ ಇಂಥದ್ದೇ ಕಾವಲಿಯನ್ನು ಎಣ್ಣೆ ಕುಡಿಸಿ, ಚೆಂದದ ಡಬ್ಬಿಗೆ ಹಾಕಿ ಸಾವಿರ ರೂಪಾಯಿ ಮೇಲೆ ಮಾರ್ತಾರೆ. ನಾವು ಮನೇದನ್ನು ಕೆಜಿ ಲೆಕ್ಕದಲ್ಲಿ ಕೊಟ್ಟು ಅದನ್ನು ತರ್ತೀವಿ. ಬೆಳೆ ಮಾರೋವಾಗ ಮೋಸ ಹೋಗ್ತೀವಿ ಅಂತ ಗೋಳಾಡೋ ನಾವು ಇಲ್ಲಿ ನಾವಾಗೇ ಮೋಸ ಹೋಗ್ತಿದ್ದೀವಿ.

ಮೊದಲ ಎರಡು ದೋಸೆ ಕಚ್ಚಿಕೊಂಡ್ವು. ಮೂರನೆಯದು ಎದ್ದಿತು. ನಮ್ಮ ಮನೆಯವರು ಏನೂ ಹೇಳ್ಲಿಲ್ಲ, ತವಾ ಎತ್ತಿ ಅಟ್ಟಕ್ಕೆ ಹಾಕಿದ್ರು.

ಈಗ ಊಟ ಆದ ಮೇಲೆ ಕಾವಲಿ ತೊಳೆದು, ಒಲೆ ಮೇಲೆ ಒಣಗಿಸಿ, ಎಣ್ಣೆ ಸವರೋ ಕೆಲಸ ನಂದು. ನಿಮ್ಮ ಅಟ್ಟ ಒಂದ್ಸಲ ಹತ್ತಿ ನೋಡಿ. ಉಜ್ಜೋದು ಮಾತ್ರ ನೀವೇ ಉಜ್ಜಿ.