ಯಾರ ಯೋಜನೆ, ಯಾರ ದಾರಿ?

ಮಳೆಗಾಲ ಹಿಡಿಯಿತೆಂದರೆ ನಮ್ಮ ದಿನಪತ್ರಿಕೆಗಳಲ್ಲಿ ಎರಡು ಬಗೆಯ ಸುದ್ದಿಗಳು ಅಕ್ಕಪಕ್ಕದಲ್ಲೇ ಅಚ್ಚಾಗುತ್ತವೆ. ಒಂದು, ಮಲೆನಾಡಿನ ಮಂಜು, ಜಲಪಾತ, ಘಾಟಿಯ ತಿರುವುಗಳ ಚೆಲುವನ್ನು ಸವಿಯಲು ಬೆಂಗಳೂರಿನಿಂದ ಮೋಟಾರು ಸೈಕಲ್ಲೇರಿ ಬಂದವರ ಬಣ್ಣನೆ. ಇನ್ನೊಂದು, ಇಂಥ ಘಾಟಿಯಲ್ಲಿ ಗುಡ್ಡ ಕುಸಿದಿದೆ, ಘನ ವಾಹನಗಳ ಸಂಚಾರವನ್ನು ನಿಷೇಧಿಸಲಾಗಿದೆ ಎಂಬ ನಾಲ್ಕು ಸಾಲಿನ ಪ್ರಕಟಣೆ. ಮೊದಲನೆಯದಕ್ಕೆ ಚಿತ್ರವಿರುತ್ತದೆ, ಎರಡನೆಯದಕ್ಕೆ ಇರುವುದಿಲ್ಲ. ಗುಡ್ಡ ಕುಸಿದು ದಾರಿ ತಪ್ಪಿದರೆ ಪ್ರವಾಸಿಗೆ ಅದೊಂದು ಸಾಹಸದ ಕತೆ, ಊರಿಗೆ ಹೋಗಿ ಹತ್ತು ಜನರಿಗೆ ಹೇಳಿಕೊಳ್ಳಬಹುದು. ಅದೇ ದಾರಿಯಲ್ಲಿ ಅಕ್ಕಿ ಮೂಟೆ ತರಿಸುವ ಅಂಗಡಿಯವನಿಗೆ, ಹೆರಿಗೆಗೆ ಹೊರಟ ಹೆಣ್ಣುಮಗಳಿಗೆ, ಅಡಿಕೆ ಮಂಡಿಯ ಹಮಾಲನಿಗೆ ಅದು ಕತೆಯಲ್ಲ.

2025ರ ಶ್ರಾವಣದಲ್ಲಿ ಪಕ್ಷದ ಕೆಲಸದ ಮೇಲೆ ಒಬ್ಬನೇ ಹಳೆಯ ಮೋಟಾರು ಸೈಕಲ್ಲಿನಲ್ಲಿ ಈ ಭಾಗದ ಘಾಟಿಗಳನ್ನು ಸುತ್ತಿ ಬಂದೆ. ನಾಲ್ಕು ದಿನಗಳ ಕಾರ್ಯಕ್ರಮ, ಆದದ್ದು ಆರು ದಿನ. ತೀರ್ಥಹಳ್ಳಿಯಿಂದ ಆಗುಂಬೆ ಇಳಿದು, ಹೆಬ್ರಿಯ ಮೇಲೆ ಸಿದ್ದಾಪುರ ಸೇರಿ, ಬಾಳೆಬರೆ ಘಾಟಿ ಹತ್ತಿ ನಗರ, ನಿಟ್ಟೂರು, ತುಮರಿ ನೋಡಿಕೊಂಡು ಸಾಗರಕ್ಕೆ ಬರುವುದೆಂದು ಕಾಗದದ ಮೇಲೆ ಬರೆದುಕೊಂಡಿದ್ದೆ. ಕಾಗದ ಮೊದಲನೆಯ ದಿನವೇ ಜೇಬಿನಲ್ಲಿ ನೆನೆದು ಮುದ್ದೆಯಾಯಿತು. ಕಾರ್ಯಕ್ರಮವೂ ಹೆಚ್ಚುಕಡಿಮೆ ಹಾಗೆಯೇ ಆಯಿತು. ನನ್ನ ತೊಂದರೆಯನ್ನು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆ ದಾರಿಯಲ್ಲಿ ಕಂಡದ್ದನ್ನು ಗಿರಣಿಯಲ್ಲಿ ದುಡಿಯುವವರೂ ಪೇಟೆಯಲ್ಲಿ ಅಂಗಡಿ ಇಟ್ಟವರೂ ತಿಳಿಯಬೇಕಾದ ಕಾರಣವಿದೆ.

ಆಗುಂಬೆ ಘಾಟಿಗೆ ಹದಿನಾಲ್ಕು ತಿರುವುಗಳು. ಕಿರಿದಾದ ರಸ್ತೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ಭಾರಿ ಲಾರಿಗಳಿಗೆ ಅಲ್ಲಿ ಪ್ರವೇಶವಿಲ್ಲ, ಅದು ಸರಿಯೇ. ಆದರೆ ಲಾರಿ ಸುತ್ತಿಕೊಂಡು ಹೋದರೆ ಆ ಸುತ್ತಿನ ಡೀಸೆಲ್ಲಿನ ಹಣ ಎಲ್ಲಿಂದ ಬರುತ್ತದೆ? ಲಾರಿಯ ಮಾಲೀಕ ಕೊಡುವುದಿಲ್ಲ, ಸಗಟು ವ್ಯಾಪಾರಿ ಕೊಡುವುದಿಲ್ಲ. ಬಾಡಿಗೆಯ ಲೆಕ್ಕದಲ್ಲಿ ಮೂಟೆಯ ಮೇಲೆ ಕೂತು ಅದು ಚಿಲ್ಲರೆ ಅಂಗಡಿಗೆ ಬರುತ್ತದೆ. ಅಂಗಡಿಯವನು ಗಿರಾಕಿಯ ಮುಖ ನೋಡಿ ಅರ್ಧ ನುಂಗಿಕೊಳ್ಳುತ್ತಾನೆ, ಇನ್ನರ್ಧ ಕೂಲಿಯವನ ಚೀಲಕ್ಕೆ ಬೀಳುತ್ತದೆ. ಘಾಟಿ ಮುಚ್ಚಿದಾಗ ತೆರಿಗೆ ಹಾಕಿದರೆಂದು ಯಾರೂ ಹೇಳುವುದಿಲ್ಲ. ಆದರೆ ತೆರಿಗೆ ಬಿದ್ದೇ ಇರುತ್ತದೆ.

ಸಿದ್ದಾಪುರ ದಾಟಿ ಹೊಸಂಗಡಿ ಸೇರುವ ಹೊತ್ತಿಗೆ ಮಳೆ ಕಣ್ಣು ಬಿಡಲು ಕೊಡುತ್ತಿರಲಿಲ್ಲ. ಬಾಳೆಬರೆಯ ಬುಡದಲ್ಲಿ ಗೊರಬು ಹಾಕಿಕೊಂಡಿದ್ದ ಒಬ್ಬರು ಕೈ ಅಡ್ಡ ಹಿಡಿದರು. “ಮೇಲ್ ಹೋಪುಕ್ ಆತಿಲ್ಲೆ ಮಾರಾಯ್ರೆ, ಮರ ಮಣ್ಣ್ ಎಲ್ಲ ಬಿದ್ದಿತ್” ಎಂದರು. ಯಾವಾಗ ತೆಗೆಯುತ್ತಾರೆ ಎಂದು ಕೇಳಿದೆ. ಯಂತ್ರ ಬರಬೇಕು, ಯಂತ್ರ ಇನ್ನೊಂದು ಕಡೆ ಹೋಗಿದೆ ಎಂಬುದು ಉತ್ತರ. ಮೊದಲೆಲ್ಲ ಘಾಟಿಯ ರಸ್ತೆಗಳಿಗೆ ಗ್ಯಾಂಗಿನವರು ಇರುತ್ತಿದ್ದರು. ಮಳೆಗೆ ಮುಂಚೆ ಚರಂಡಿಯ ಹೂಳು ಎತ್ತುವುದು, ಮೋರಿಯ ಬಾಯಿಗೆ ಸಿಕ್ಕಿಕೊಂಡ ಕಸ ಕಡ್ಡಿ ಬಿಡಿಸುವುದು, ಬೀಳಲು ಸಿದ್ಧವಾದ ಮರ ಗುರುತಿಸುವುದು, ಎಲ್ಲವೂ ಅವರ ಕೆಲಸ. ಒಂದೊಂದು ಮೈಲಿಯ ಗುಣವನ್ನೂ ತಮ್ಮ ಮನೆಯ ಅಂಗಳದಂತೆ ಬಲ್ಲವರು. ಈಗ ಗುತ್ತಿಗೆ. ಗುತ್ತಿಗೆದಾರನಿಗೆ ಗುಡ್ಡ ಬಿದ್ದ ಮೇಲೆ ತೆಗೆಯುವುದರಲ್ಲಿ ಬಿಲ್ಲು ಇದೆ, ಬೀಳದಂತೆ ಚರಂಡಿ ತೋಡುವುದರಲ್ಲಿ ಏನಿದೆ?

ಗುಡ್ಡ ಏಕೆ ಬೀಳುತ್ತದೆ ಎಂಬುದು ಮಲೆನಾಡಿನ ರೈತನಿಗೆ ಗೊತ್ತಿರುವ ವಿಷಯ. ಮೇಲೆ ಮುರಕಲ್ಲಿನ ಪದರ, ಅದರ ಕೆಳಗೆ ಜೇಡಿಯಂಥ ಮೆತ್ತನೆಯ ಮಣ್ಣು. ಮಳೆಯ ನೀರು ಮೇಲಿನಿಂದ ಇಂಗಿ ಆ ಮೆತ್ತನೆಯ ಪದರದಲ್ಲಿ ನಿಲ್ಲುತ್ತದೆ. ಗುಡ್ಡದ ಇಳಿಜಾರು ಹಾಗೆಯೇ ಇದ್ದರೆ, ಬೇರು ಬಿಟ್ಟ ಮರಗಳಿದ್ದರೆ, ನೀರು ಹೇಗೋ ದಾರಿ ಮಾಡಿಕೊಂಡು ಹೋಗುತ್ತದೆ. ರಸ್ತೆ ಅಗಲ ಮಾಡುತ್ತೇವೆಂದು ಗುಡ್ಡದ ಪಾದವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಅದು ಯಾವುದರ ಮೇಲೆ ನಿಲ್ಲಬೇಕು? ಮನೆಯ ತಳಪಾಯ ಬಗೆದು ಗೋಡೆ ಬಿತ್ತೆಂದು ಮಳೆಯನ್ನು ಬಯ್ಯುವ ಜಾಣತನ ಇದು.

2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿ ಕುಸಿದು ಬೆಂಗಳೂರು ಮಂಗಳೂರು ನಡುವಣ ದಾರಿ ಕಡಿಯಿತು. ಅದೇ ತಿಂಗಳು ಕೊಡಗು ನುಚ್ಚುನೂರಾಯಿತು. 2019ರಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಅಗಲಗೊಳಿಸಿದ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡವೇ ಇಳಿದು ಗಂಗಾವಳಿ ನದಿಯವರೆಗೆ ಹೋಯಿತು. ಅಲ್ಲಿ ಸತ್ತವರು ಯಾರೆಂಬುದನ್ನು ನಮ್ಮ ವಾಚಕರು ನೆನಪಿಡಬೇಕು. ರಸ್ತೆಯ ಪಕ್ಕದಲ್ಲಿ ಚಹದಂಗಡಿ ಇಟ್ಟಿದ್ದ ಸಂಸಾರ, ಅಲ್ಲಿ ಲಾರಿ ನಿಲ್ಲಿಸಿದ್ದ ಚಾಲಕರು. ಒಬ್ಬ ಚಾಲಕನ ದೇಹವನ್ನು ನದಿಯ ಹೂಳಿನೊಳಗಿನ ಲಾರಿಯಿಂದ ತೆಗೆಯಲು ಸೆಪ್ಟೆಂಬರು ಬಂತು. ಸಣ್ಣ ವ್ಯಾಪಾರಿ ಮತ್ತು ದುಡಿಯುವವ, ಇಬ್ಬರೂ ಒಂದೇ ಮಣ್ಣಿನಡಿಯಲ್ಲಿ. ವರ್ಗದ ಮಾತು ಆಡಿದರೆ ಮೂಗು ಮುರಿಯುವ ಪಂಡಿತರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಏನು ಕೊಡುವುದು?

ಇರಲಿ. ಬಾಳೆಬರೆ ಕೈಬಿಟ್ಟು ಬಂದ ದಾರಿಗೆ ಹಿಂದಿರುಗಿ ವಂಡ್ಸೆಯ ಮೇಲೆ ಕೊಲ್ಲೂರು ಸೇರಿ, ಮಾರನೆಯ ದಿನ ಘಾಟಿ ಹತ್ತಿ ನಿಟ್ಟೂರಿಗೆ ಬಂದೆ. ನಗರದ ಸಭೆ ತಪ್ಪಿತು. ತುಮರಿಗೆ ಒಂದು ದಿನ ತಡವಾಗುತ್ತದೆಂದು ತಿಳಿಸೋಣವೆಂದರೆ ದಾರಿಯುದ್ದಕ್ಕೂ ಫೋನು ಸಿಕ್ಕಲಿಲ್ಲ. ನಾನು ಹೋಗಿ ಮುಟ್ಟುವ ಹೊತ್ತಿಗೆ ಹಿಂದಿನ ರಾತ್ರಿ ಕಾದು ಕೂತಿದ್ದ ಜನ ನಾಟಿಗೆ ಹೋಗಿದ್ದರು. ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತ ಕೂತಿದ್ದ ಹಿರಿಯರೊಬ್ಬರಿಗೆ ನನ್ನ ಯೋಜನೆ ಹೀಗೆ ಕೆಟ್ಟಿತೆಂದು ಹೇಳಿದೆ. ಅವರು ನಕ್ಕರು. “ನಿಮ್ಮ ಯೋಜನೆ ಕೆಟ್ರೆ ಒಂದಿನ ತಡ ಆತದೆ ಮೇಷ್ಟ್ರೇ. ಸರಕಾರದ ಯೋಜನೆ ಸರಿಯಾಗೇ ನಡೀತು, ಅದ್ರಲ್ಲಿ ನಮ್ಮ ಊರೇ ಹೋತು” ಎಂದರು.

ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಪ್ರಯಾಣಿಕ ಹಾಕಿಕೊಂಡದ್ದೂ ಯೋಜನೆ, ಸರಕಾರ ಹಾಕಿದ್ದೂ ಯೋಜನೆ. ಶರಾವತಿಯ ದಂಡೆಯ ಜನರ ಮಟ್ಟಿಗೆ ಎರಡನೆಯದು ಮೊದಲನೆಯದನ್ನು ಎಂದೂ ಉಳಿಯಗೊಡಲಿಲ್ಲ. ಮೊದಲು ಮಡೇನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಗಣೇಶ ಅಯ್ಯರ್ ಅವರ ಸೈಫನ್ ತೂಬುಗಳಿದ್ದ ಆ ಅಣೆಕಟ್ಟು ಆ ಕಾಲಕ್ಕೆ ಹೆಸರುವಾಸಿ. ಅದು ಸಾಲದಾಯಿತು. 1964ರಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದಾದ ಲಿಂಗನಮಕ್ಕಿ ಅಣೆಕಟ್ಟು ಬಂದು ಊರುಗಳ ಜೊತೆಗೆ ಹಿರೇಭಾಸ್ಕರವನ್ನೂ ಮುಳುಗಿಸಿತು. ಬೇಸಗೆಯಲ್ಲಿ ನೀರು ತೀರ ಇಳಿದರೆ ಆ ಹಳೆಯ ಅಣೆಕಟ್ಟು ಇಂದಿಗೂ ತಲೆ ಎತ್ತುತ್ತದೆ. ಪ್ರವಾಸಿಗಳು ಹೋಗಿ ಪಟ ತೆಗೆದುಕೊಂಡು ಬರುತ್ತಾರೆ.

ಶರಾವತಿಯ ವಿದ್ಯುತ್ತಾಗಾರದ ಶಕ್ತಿ 1,035 ಮೆಗಾವ್ಯಾಟ್. ಆ ವಿದ್ಯುತ್ತಿನಿಂದ ರಾಜ್ಯದ ಗಿರಣಿಗಳು ತಿರುಗಿದವು, ಪೇಟೆಗಳಲ್ಲಿ ದೀಪ ಬೆಳಗಿತು. ಗಿರಣಿಯ ಗೆಳೆಯರೇ, ನಿಮ್ಮ ಕೂಲಿಯೂ ಆ ನೀರಿನಿಂದಲೇ ಬಂತು. ಅದರಲ್ಲಿ ನಾಚಿಕೊಳ್ಳುವುದೇನೂ ಇಲ್ಲ. ವಿದ್ಯುತ್ತು ಬೇಡವೆಂದು ಸಮಾಜವಾದಿಗಳು ಎಂದೂ ಹೇಳಲಿಲ್ಲ. ಆದರೆ ಮನೆ ಬಿಟ್ಟುಕೊಟ್ಟವನ ಗುಡಿಸಲಿನಲ್ಲಿ ಎಷ್ಟೋ ವರ್ಷ ಚಿಮಣಿ ಬುಡ್ಡಿಯೇ ಉರಿಯಿತು. ಅವನಿಗೆ ಬದಲಿಗೆ ತೋರಿಸಿದ ಭೂಮಿ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. ಮೊಮ್ಮಕ್ಕಳ ಕಾಲ ಬಂದರೂ ಹಕ್ಕುಪತ್ರದ ಜಗಳ ಮುಗಿದಿಲ್ಲ. ಅರಣ್ಯ ಇಲಾಖೆ ಒಂದು ಮಾತು ಹೇಳುತ್ತದೆ, ಕಂದಾಯ ಇಲಾಖೆ ಇನ್ನೊಂದು. ಅವನ ದನ ಎರಡು ಇಲಾಖೆಗಳ ನಡುವೆ ಮೇಯಬೇಕು.

ಇಲ್ಲಿ ಇನ್ನೊಂದು ಅನ್ಯಾಯವಿದೆ, ಅದನ್ನು ಹೆಚ್ಚು ಜನ ಎತ್ತಿ ಆಡುವುದಿಲ್ಲ. 1951ರಲ್ಲಿ ಇದೇ ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ಧಣಿಗಳು ಗೇಣಿ ಅಳೆಯುವ ಕೊಳಗದ ಮೋಸವನ್ನು ಪ್ರಶ್ನಿಸಿ ಎದ್ದು ನಿಂತರು. ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು. ಡಾ. ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಸೆರೆಯಾದರು. 1952ರಲ್ಲಿ ಶಾಂತವೇರಿ ಗೋಪಾಲಗೌಡರನ್ನು ಆ ಜನ ವಿಧಾನಸಭೆಗೆ ಕಳಿಸಿದರು. ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾಗಲು 1974 ಬರಬೇಕಾಯಿತು. ಆದರೆ 1964ರಲ್ಲೇ ನೀರಿನಡಿಗೆ ಹೋದ ಗದ್ದೆಯ ಗೇಣಿದಾರನಿಗೆ 1974ರ ಕಾನೂನು ಏನು ಕೊಟ್ಟೀತು? ಮುಳುಗುವಾಗ ಪಹಣಿಯಲ್ಲಿದ್ದದ್ದು ಧಣಿಯ ಹೆಸರು. ಕಾನೂನು ಬಂದಾಗ ಗದ್ದೆಯೇ ಇರಲಿಲ್ಲ. ಕಾಗೋಡಿನವನ ಹೋರಾಟ ಅವನ ಮಕ್ಕಳಿಗೆ ಭೂಮಿ ಕೊಟ್ಟಿತು, ಹೊಳೆಯಾಚೆಯ ಅವನ ನೆಂಟನಿಗೆ ಕೊಡಲಿಲ್ಲ.

ತುಮರಿಯ ಸೀಮೆ ಹಿನ್ನೀರಿನ ನಡುವೆ ದ್ವೀಪದಂತಾಗಿತ್ತು. ಸಾಗರಕ್ಕೆ ಬರಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚು ಕಾಯಬೇಕು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಹತ್ತಾರು ಮೈಲಿ ಸುತ್ತಬೇಕು. ಬೇಸಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದೂ ಇಲ್ಲ. ರಾತ್ರಿ ಕಾಯಿಲೆ ಬಿದ್ದವನ ಗತಿ ಏನಾಗುತ್ತಿತ್ತೆಂದು ಆ ಊರಿನಲ್ಲಿ ಯಾರನ್ನು ಕೇಳಿದರೂ ಒಂದೊಂದು ಸಾವಿನ ಲೆಕ್ಕ ಹೇಳುತ್ತಾರೆ. 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿ ನಡುವೆ 2.44 ಕಿಲೋಮೀಟರು ಉದ್ದದ ಸೇತುವೆ ಉದ್ಘಾಟನೆಯಾಯಿತು. ಒಳ್ಳೆಯ ಕೆಲಸ, ಸಂತೋಷ. ನನ್ನ ಮೋಟಾರು ಸೈಕಲ್ಲು ಐದು ನಿಮಿಷದಲ್ಲಿ ದಾಟಿತು. ಆದರೆ 1964ರಿಂದ 2025ರವರೆಗೆ ಅರುವತ್ತೊಂದು ವರ್ಷ. ಊರು ಮುಳುಗಿಸಲು ಸರಕಾರಕ್ಕೆ ಎಲ್ಲಿಲ್ಲದ ಆತುರ, ದಾರಿ ಕೊಡಲು ಎರಡು ತಲೆಮಾರು. ಸೇತುವೆಯ ಮೇಲೆ ಹೆಸರು ಯಾರದಿರಬೇಕು, ಯಾರ ಪಕ್ಷ ತಂದದ್ದು ಎಂದು ನಾಯಕರು ಕಿತ್ತಾಡಿದರು. ತಡಮಾಡಿದವರು ಯಾರೆಂದು ಕೇಳಿದರೆ ಯಾರೂ ಕೈ ಎತ್ತಲಿಲ್ಲ.

ಈಗ ಅದೇ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ಪಡೆಯುವ ಹೊಸ ಯೋಜನೆಯನ್ನು ಸರಕಾರ ಮುಂದಿಟ್ಟಿದೆ. ಗುಡ್ಡದೊಳಗೆ ಸುರಂಗ ಕೊರೆಯಬೇಕು, ಕಾಡು ಕಡಿಯಬೇಕು, ರಸ್ತೆ ಅಗಲವಾಗಬೇಕು. ನೀರನ್ನು ಮೇಲೆತ್ತಲು ಖರ್ಚಾಗುವ ವಿದ್ಯುತ್ತು ಕೆಳಗೆ ಬಿಟ್ಟಾಗ ಸಿಗುವುದಕ್ಕಿಂತ ಹೆಚ್ಚು. ಹಗಲು ಹೆಚ್ಚಾದದ್ದನ್ನು ಕೂಡಿಟ್ಟು ಬೇಕಾದಾಗ ಬಳಸುವ ವ್ಯವಸ್ಥೆ ಇದು ಎಂದು ಬಲ್ಲವರು ಹೇಳುತ್ತಾರೆ, ಅದರಲ್ಲಿ ಹುರುಳಿಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಹಳೆಯ ಯೋಜನೆಯ ಬಾಕಿ ತೀರಿಸದೆ ಹೊಸ ಯೋಜನೆಗೆ ಅದೇ ಕಣಿವೆಯ ಬಾಗಿಲು ತಟ್ಟುವುದು ಯಾವ ನ್ಯಾಯ? ಪೇಟೆಯ ಅಂಗಡಿಯವನು ಹಳೆಯ ಸಾಲ ತೀರಿಸದ ಗಿರಾಕಿಗೆ ಮತ್ತೆ ಉದ್ರಿ ಕೊಡುವನೆ?

ನಮ್ಮ ಬೇಡಿಕೆಗಳು ಆಕಾಶದವಲ್ಲ. ಮುಳುಗಡೆಯವರಿಗೆ ಮೊದಲು ಹಕ್ಕುಪತ್ರ, ಆಮೇಲೆ ಹೊಸ ಯೋಜನೆಯ ಮಾತು. ಪ್ರತಿಯೊಂದು ಘಾಟಿಗೂ ಕಾಯಂ ಗ್ಯಾಂಗಿನವರನ್ನು ಇಡಬೇಕು, ಸ್ಥಳೀಯರನ್ನೇ ತೆಗೆದುಕೊಳ್ಳಬೇಕು, ಗುತ್ತಿಗೆಯ ಮೇಲಲ್ಲ. ಗುಡ್ಡ ಕಡಿಯುವ ಮುಂಚೆ ಇಳಿಜಾರಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ಅರ್ಥವಾಗುವ ಕನ್ನಡದಲ್ಲಿ. ಘಾಟಿ ಮುಚ್ಚಿದ ದಿನಗಳಲ್ಲಿ ದವಸದ ಬಾಡಿಗೆಯ ಹೆಚ್ಚಳವನ್ನು ಸರಕಾರ ಹೊರಬೇಕು. ಸೇತುವೆ ಕಟ್ಟಿದ ಮೇಲೆ ಅದರ ಮೇಲೆ ಬಸ್ಸು ಓಡಬೇಕು, ಕಾರು ಮಾತ್ರವಲ್ಲ. ಸಂಜೆಯ ಶಾಲೆ ಬಿಟ್ಟ ಮಕ್ಕಳಿಗೆ, ಕೂಲಿ ಮುಗಿಸಿ ಬರುವ ಹೆಂಗಸರಿಗೆ ಹೊಂದುವ ಹೊತ್ತಿಗೆ ಓಡಬೇಕು.

ಕೊನೆಗೊಂದು ವಿಷಯ, ಅಂಗಡಿಯವರು ಗಮನಿಸಬೇಕಾದದ್ದು. ಅಂಬಾರಗೋಡ್ಲಿನ ಕಡೆ ಹಳೆಯ ಲಾಂಚಿನ ದಾರಿಯಲ್ಲಿ ಚಹ, ಮಂಡಕ್ಕಿ, ಬಾಳೆಹಣ್ಣು ಇಟ್ಟುಕೊಂಡು ಕೂತಿದ್ದ ತಾಯಿಯೊಬ್ಬರನ್ನು ಕಂಡೆ. ಲಾಂಚು ಕಾಯುವವರೇ ಅವರ ಗಿರಾಕಿಗಳು. ಈಗ ಕಾಯುವವರಿಲ್ಲ, ವಾಹನಗಳು ಮೇಲಿಂದ ಮೇಲೆ ಹೋಗುತ್ತವೆ. “ಸೇತುವೆ ಬೇಕಿತ್ತು ತಮ್ಮಾ, ನನ್ನ ಮಗಳ ಬಾಣಂತನಕ್ಕೆ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಆದ್ರೆ ನನಗೊಂದು ಜಾಗ ಎಲ್ಲಾರೂ ತೋರಿಸ್ಲಿ” ಎಂದರು. ಅಲ್ಲಿ ಹಾಗೆ ಬದುಕುವವರು ಅವರೊಬ್ಬರೇ ಅಲ್ಲ. ಅವರ ಹೆಸರುಗಳನ್ನು ಬರೆದುಕೊಂಡು ಬಂದಿದ್ದೇನೆ. ಸೇತುವೆಯ ತುದಿಯಲ್ಲಿ ಇವರಿಗೆ ಅಂಗಡಿಯ ಜಾಗ ಕೊಡಬೇಕೆಂಬ ಅರ್ಜಿಯನ್ನು ಬರುವ ಸೋಮವಾರ ಸಾಗರದಲ್ಲಿ ಸಲ್ಲಿಸುತ್ತೇವೆ. ಪೇಟೆಯ ವರ್ತಕ ಮಿತ್ರರು ಸಹಿ ಹಾಕಲು ಇಷ್ಟಪಟ್ಟರೆ ಕಾಗದ ನಮ್ಮ ಕಚೇರಿಯಲ್ಲಿದೆ, ಸಂಜೆ ಆರರ ಮೇಲೆ ಯಾವಾಗ ಬಂದರೂ ಸಿಗುತ್ತದೆ.