ಬೆರಳಿನ ಒಂದು ಹನಿ ರಕ್ತ ಮೊದಲು, ಬೆಂಗಳೂರು ಆಮೇಲೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ನಸುಕಿನಲ್ಲೇ ಹೊರಡುವ ರೈತರು, ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಹೊರುವ ಹಮಾಲಿಗಳು, ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದ ಕೂಲಿಗಳು: ಇವರಲ್ಲಿ ಶುಗರ್ ಇರುವವರು ಮಾತ್ರೆ ನುಂಗಿ ಮನೆ ಬಿಟ್ಟರೆ ಹೊಟ್ಟೆಗೆ ಏನಾದರೂ ಬೀಳುವಾಗ ಹತ್ತೋ ಹನ್ನೊಂದೋ ಗಂಟೆ. ಒಂದು ದಿನ ಬೆವರು ಇಳಿಯುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಕಂಡವರು ‘ಬೆಳಿಗ್ಗೇನೇ ಕುಡಿದಿದ್ದಾನೆ’ ಎನ್ನುತ್ತಾರೆ. ಮನೆಯವರು ಗಾಳಿ ಸೋಕಿತು ಎಂದುಕೊಳ್ಳುತ್ತಾರೆ. ಆಸ್ಪತ್ರೆಗೆ ತಂದರೆ ‘ಲಕ್ವ ಇರಬಹುದು, ಬೆಂಗಳೂರಿಗೆ ಕರ್ಕೊಂಡು ಹೋಗಿ’ ಎಂಬ ಮಾತು. ಬೆರಳು ಚುಚ್ಚಿ ಶುಗರ್ ನೋಡುವ ಒಂದು ನಿಮಿಷದ ಕೆಲಸ ಮಾತ್ರ ಎಷ್ಟೋ ಸಲ ಉಳಿದುಹೋಗುತ್ತದೆ.

ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಎಚ್ಚರಿಕೆ, 54ಕ್ಕಿಂತ ಇಳಿದರೆ ಅಪಾಯ. ಮಿದುಳಿಗೆ ಸಕ್ಕರೆಯೇ ಆಹಾರ. ಅದು ಬಹಳ ಹೊತ್ತು ಸಿಗದಿದ್ದರೆ ಆದ ಹಾನಿ ಸರಿಹೋಗದೆ ಉಳಿಯಬಹುದು. ಬೆಂಗಳೂರಿನ ದಾರಿಯಲ್ಲಿ ಕಳೆಯುವ ಗಂಟೆಗೆ ಆ ಬೆಲೆ ತೆರಬೇಕೆ?

2024ರಲ್ಲಿ ಪಕ್ಕದ ಕೋಲಾರದಲ್ಲಿ ಶುರುವಾದ ‘ಗೃಹ ಆರೋಗ್ಯ’ ಯೋಜನೆ ತಪಾಸಣೆಯನ್ನೂ ಮಾತ್ರೆಯನ್ನೂ ಮನೆಬಾಗಿಲಿಗೆ ತಂದಿತು. ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಮಾತ್ರೆ ಬಾಗಿಲಿಗೆ ಬಂದರೆ ಅದರ ಅಪಾಯದ ತಿಳಿವಳಿಕೆಯೂ ಜೊತೆಗೇ ಬರಬೇಕು. ಎಲ್ಲ ಮಾತ್ರೆಯೂ ಒಂದೇ ಅಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಶುಗರ್ ಹೀಗೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಇನ್ಸುಲಿನ್ ಶುಗರ್ ಕುಸಿಯುವಂತೆ ಮಾಡಬಲ್ಲವು. ವಯಸ್ಸಾದವರಲ್ಲಿ, ಕಿಡ್ನಿ ಸೊರಗಿದವರಲ್ಲಿ ಅಪಾಯ ಇನ್ನೂ ಹೆಚ್ಚು. ಗ್ಲಿಬೆನ್‌ಕ್ಲಮೈಡ್ 60 ದಾಟಿದವರಿಗೆ ತಕ್ಕದ್ದಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯೇ ಹೇಳುತ್ತದೆ.

‘ಇದನ್ನೆಲ್ಲ ಹೇಳಿದರೆ ಹೆದರಿ ಮಾತ್ರೆಯನ್ನೇ ಬಿಡುತ್ತಾರೆ’ ಎಂಬ ವಾದವಿದೆ. ನಾನು ಒಪ್ಪುವುದಿಲ್ಲ. ಏಕೆ ಬಿದ್ದೆನೆಂದು ತಿಳಿಯದವನೇ ಮಾತ್ರೆ ಬಿಡುತ್ತಾನೆ. ತಿಳಿದವನು ತಿಂಡಿ ತಿಂದು ನುಂಗುತ್ತಾನೆ, ಜೇಬಿನಲ್ಲಿ ಬೆಲ್ಲದ ಚೂರು ಇಟ್ಟುಕೊಳ್ಳುತ್ತಾನೆ. ಶುಗರ್ ಅಳೆಯುವ ಸ್ಟ್ರಿಪ್ ದುಬಾರಿ ಎನ್ನುವವರು ಬೆಂಗಳೂರಿನ ಐಸಿಯು ಬಿಲ್ಲನ್ನೂ ಒಮ್ಮೆ ನೋಡಲಿ.

ಸಕ್ಕರೆ ಕುಸಿತವನ್ನು ಬೇರೆ ರೋಗವೆಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬಿಹಾರದ ಮುಜಫ್ಫರ್‌ಪುರದ ಪಾಠ ನಮ್ಮ ಕಣ್ಣ ಮುಂದಿದೆ. ಲಿಚಿ ಹಣ್ಣಿನ ಕಾಲದಲ್ಲಿ ಅಲ್ಲಿನ ಮಕ್ಕಳು ಫಿಟ್ಸ್ ಬಂದು ಸಾಯುತ್ತಿದ್ದರು; ವರ್ಷಗಟ್ಟಲೆ ಅದನ್ನು ಮಿದುಳು ಜ್ವರ ಎಂದರು. 2014ರ ತನಿಖೆಯಲ್ಲಿ, ದಾಖಲಾದ 390 ಮಕ್ಕಳಲ್ಲಿ 122 ಮಂದಿ ತೀರಿಕೊಂಡಿದ್ದರು; ದಾಖಲಾಗುವಾಗ ಸಕ್ಕರೆ ಅಳೆದವರಲ್ಲಿ ಸುಮಾರು 62% ಮಂದಿಗೆ ಅದು 70 ಅಥವಾ ಅದಕ್ಕಿಂತ ಕೆಳಗಿತ್ತು. ರಾತ್ರಿ ಊಟವಿಲ್ಲದೆ ಮಲಗಿದ ಕಂದಮ್ಮಗಳಿಗೆ ಲಿಚಿಯ ವಿಷಾಂಶ ಮುಳುವಾಗಿತ್ತು. ಕೂಡಲೇ ಸಕ್ಕರೆ ಅಳೆದು ಗ್ಲೂಕೋಸ್ ಕೊಡಬೇಕೆಂಬುದು ಆ ತನಿಖೆಯ ಮುಖ್ಯ ಸಲಹೆಗಳಲ್ಲೊಂದು.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲಾಡಳಿತವನ್ನು ನಾನು ಕೇಳುವುದು ನಾಲ್ಕೇ. ಒಂದು: ಪ್ರಜ್ಞೆ ತಪ್ಪಿದ, ತೊದಲುವ, ಫಿಟ್ಸ್ ಬಂದ ಯಾರೇ ಇರಲಿ, ಗೌರಿಬಿದನೂರಿನ ಹಳ್ಳಿ ಆರೋಗ್ಯ ಕೇಂದ್ರದಿಂದ 108 ಆಂಬುಲೆನ್ಸ್‌ವರೆಗೆ ಎಲ್ಲೆಡೆ ಮೊದಲು ಶುಗರ್ ನೋಡಲಿ, ರೆಫರಲ್ ಚೀಟಿಯಲ್ಲಿ ಆ ಸಂಖ್ಯೆ ಬರೆಯಲಿ. ಎರಡು: ಗ್ಲಿಮೆಪಿರೈಡ್‌ನಂಥ ಮಾತ್ರೆಯಿಂದ ಬಿದ್ದವರು ಗ್ಲೂಕೋಸ್ ಏರಿಸಿದ ಕೂಡಲೇ ಎದ್ದು ಕೂತರೂ ಮನೆಗೆ ಕಳಿಸಬಾರದು, ಮಾತ್ರೆ ಒಳಗಿದ್ದು ರಾತ್ರಿ ಮತ್ತೆ ಶುಗರ್ ಬೀಳಿಸಬಹುದು, ಒಂದು ದಿನವಾದರೂ ಇರಿಸಿಕೊಳ್ಳಲಿ. ಮೂರು: ಮೂರು ಚಮಚ ಸಕ್ಕರೆ ನೀರಿಗೆ ಬೆರೆಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ, ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ ಎಂಬುದನ್ನು ಆಶಾ ಕಾರ್ಯಕರ್ತೆಯರು ಕನ್ನಡದಲ್ಲಷ್ಟೇ ಅಲ್ಲ, ಈ ತಾಲ್ಲೂಕುಗಳ ಮನೆಮಾತಾದ ತೆಲುಗು, ಉರ್ದುವಿನಲ್ಲೂ ಹೇಳಲಿ. ನಾಲ್ಕು: ಶುಗರ್ ಹೆಚ್ಚಿದವರ ಲೆಕ್ಕದ ಪಕ್ಕದಲ್ಲೇ, 70ಕ್ಕಿಂತ ಕೆಳಗೆ ಕುಸಿದವರ ಲೆಕ್ಕವನ್ನೂ ತಾಲ್ಲೂಕುವಾರು ಪ್ರಕಟಿಸಲಿ. ಆ ಲೆಕ್ಕ ಹೊರಬಂದ ದಿನ, ಕುಡುಕ ಎನ್ನಿಸಿಕೊಂಡು ರಸ್ತೆಬದಿಯಲ್ಲಿ ಬಿದ್ದಿದ್ದ ಎಷ್ಟೋ ಜನ ರೋಗಿಗಳೆಂದು ನಮಗೆ ತಿಳಿಯುತ್ತದೆ.