ದಾರಿಯೂ ಒಂದು ಪಾಠ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ಅರಿಯದ ಕನ್ನಡಿಗರು ವಿರಳ. ಹಿರಿಯರು ಈ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಿದರು. ಆದರೆ ಇಂದಿನ ಪ್ರವಾಸಗಳಲ್ಲಿ ಸುತ್ತುವುದು ಹೆಚ್ಚಿ, ಓದುವುದು ಹಿಂದುಳಿದಿದೆ. ಸುತ್ತಿ ಬಂದವರೆಲ್ಲರೂ ದೇಶವನ್ನು ಕಂಡು ಬಂದವರೇ? ಆಸ್ಟ್ರೇಲಿಯದ ಒಂದು ಕಡಲದಾರಿ ಈ ಪ್ರಶ್ನೆಯನ್ನು ಎತ್ತುತ್ತದೆ.

ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ರಾಜಧಾನಿ ಮೆಲ್ಬರ್ನ್. ಅಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ನಾನಾ ದೇಶಗಳ ವಿದ್ಯಾರ್ಥಿಗಳು ಓದುತ್ತಾರೆ. ಭಾರತದಿಂದ ಹೋದವರೂ ಅವರಲ್ಲಿ ಅನೇಕರಿದ್ದಾರೆ. ರಜೆಯ ದಿನ ಇವರು ಗುಂಪುಗೂಡಿ, ಬಸ್ಸೇರಿ, ‘ಗ್ರೇಟ್ ಓಷನ್ ರೋಡ್’ ಎಂಬ ಹೆದ್ದಾರಿಯನ್ನು ನೋಡಲು ಹೋಗುವುದು ವಾಡಿಕೆ. ಕಡಲ ದಂಡೆಯ ಗುಂಟ ಸುಮಾರು 240 ಕಿಲೋಮೀಟರ್ ಸಾಗುವ ಈ ದಾರಿಯಲ್ಲಿ ಒಂದು ಬದಿಗೆ ಆಟ್‌ವೇ ಬೆಟ್ಟಗಳ ಹಸುರು, ಮತ್ತೊಂದು ಬದಿಗೆ ಸಮುದ್ರದ ನೀಲಿ. ಮುಂಜಾನೆ ಹೊರಟ ಬಸ್ಸು ರಾತ್ರಿ ಮರಳುವಷ್ಟರಲ್ಲಿ ಸುಮಾರು 500 ಕಿಲೋಮೀಟರ್ ಓಡಿರುತ್ತದೆ. ಅಲ್ಲಲ್ಲಿ ಕಾಲು ಗಂಟೆ, ಅರ್ಧ ಗಂಟೆಯ ನಿಲುಗಡೆ. ಛಾಯಾಚಿತ್ರ ತೆಗೆಯುವುದರಲ್ಲಿಯೇ ಆ ವೇಳೆ ಮುಗಿಯುತ್ತದೆ. ಯೇಸುವಿನ ಶಿಷ್ಯರ ನೆನಪಿನಲ್ಲಿ ‘ಟ್ವೆಲ್ವ್ ಅಪಾಸಲ್ಸ್’ ಎಂದು ಕರೆಯುವ ಬಂಡೆಗಂಬಗಳನ್ನು ಸೇರುವ ಆತುರವೇ ಎಲ್ಲರಿಗೂ. ದಾರಿಯ ಕಡೆಗೆ ಯಾರ ಗಮನವೂ ಇಲ್ಲ.

ಆದರೆ ಆ ದಾರಿಯೇ ಒಂದು ಸ್ಮಾರಕ. 1918ರಲ್ಲಿ ಮೊದಲನೆಯ ಮಹಾಯುದ್ಧ ಮುಗಿದಾಗ ಮರಳಿ ಬಂದ ಸೈನಿಕರಿಗೆ ಉದ್ಯೋಗ ಬೇಕಾಗಿತ್ತು. ಮರಳಿ ಬಾರದವರಿಗೆ ಒಂದು ಸ್ಮಾರಕ ಬೇಕಾಗಿತ್ತು. ದುರ್ಗಮವಾದ ದಂಡೆಯ ಊರುಗಳಿಗೆ ರಸ್ತೆ ಬೇಕಾಗಿತ್ತು. ಈ ಮೂರು ಅಗತ್ಯಗಳನ್ನೂ ಒಂದೇ ಕಾರ್ಯ ಪೂರೈಸಿತು. 1919ರಲ್ಲಿ ಕೆಲಸ ಆರಂಭವಾಯಿತು. ಸುಮಾರು 3,000 ಮಂದಿ ಮಾಜಿ ಸೈನಿಕರು ಗುಡಾರಗಳಲ್ಲಿ ವಾಸಿಸುತ್ತ, ಗುದ್ದಲಿ, ಸಲಿಕೆ, ಕೈಬಂಡಿ ಮತ್ತು ಸಿಡಿಮದ್ದುಗಳಿಂದ ಕಡಿದಾದ ಬಂಡೆಗಳನ್ನು ಸೀಳಿ ದಾರಿ ಮಾಡಿದರು. ಕೆಲವರು ಆ ಕೆಲಸದಲ್ಲಿಯೇ ಪ್ರಾಣ ತೆತ್ತರು. ಈ ಯೋಜನೆಗಾಗಿ ಶ್ರಮಿಸಿದ ಹೋವರ್ಡ್ ಹಿಚ್‌ಕಾಕ್ 1932ರಲ್ಲಿ ನಿಧನರಾದರು. ಅದೇ ವರ್ಷದ ನವೆಂಬರಿನಲ್ಲಿ ಪೂರ್ಣ ರಸ್ತೆ ತೆರೆದುದನ್ನು ಕಾಣುವ ಭಾಗ್ಯ ಅವರಿಗೆ ದೊರೆಯಲಿಲ್ಲ. ಈಸ್ಟರ್ನ್ ವ್ಯೂ ಎಂಬಲ್ಲಿ ದಾರಿಯ ಮೇಲೆ ಒಂದು ಸ್ಮಾರಕ ಕಮಾನಿದೆ. ಅದರ ಕೆಳಗೆ ನಿಂತು ನಗುತ್ತ ಚಿತ್ರ ತೆಗೆಸಿಕೊಳ್ಳುವವರಲ್ಲಿ ಎಷ್ಟು ಮಂದಿಗೆ ಅದು ಯಾರ ನೆನಪೆಂಬುದು ತಿಳಿದಿರುತ್ತದೆ?

ಬಂಡೆಗಂಬಗಳ ಕಥೆಯೂ ಹೀಗೆಯೇ. ಸುಣ್ಣಕಲ್ಲಿನ ದಂಡೆಯನ್ನು ಅಲೆಗಳು ಕೊರೆದು ಗುಹೆ ಮಾಡುತ್ತವೆ. ಗುಹೆ ಆಚೆ ಬದಿಗೆ ತೆರೆದಾಗ ಕಮಾನಾಗುತ್ತದೆ. ಕಮಾನು ಕುಸಿದಾಗ ಒಂಟಿ ಕಂಬ ಉಳಿಯುತ್ತದೆ. ಕೊನೆಗೆ ಕಂಬವೂ ಉರುಳುತ್ತದೆ. 2005ರ ಜುಲೈಯಲ್ಲಿ ಸುಮಾರು 50 ಮೀಟರ್ ಎತ್ತರದ ಕಂಬವೊಂದು ಕ್ಷಣಾರ್ಧದಲ್ಲಿ ಕುಸಿಯಿತು. ಸಮೀಪದ ‘ಲಂಡನ್ ಬ್ರಿಜ್’ ಎಂಬ ಸಹಜ ಸೇತುವೆಯ ಒಂದು ಕಮಾನು 1990ರ ಜನವರಿಯಲ್ಲಿ ಬಿದ್ದುಹೋಯಿತು. ಆಚೆ ಬದಿಯಲ್ಲಿ ಸಿಲುಕಿದ ಇಬ್ಬರು ಪ್ರವಾಸಿಗರನ್ನು ಹೆಲಿಕಾಪ್ಟರಿನಿಂದ ರಕ್ಷಿಸಬೇಕಾಯಿತು. ಇದನ್ನು ತಿಳಿದ ವಿದ್ಯಾರ್ಥಿ ಚಿತ್ರದ ಆಸೆಗಾಗಿ ಬೇಲಿ ದಾಟಿ ಬಂಡೆಯ ಅಂಚಿಗೆ ಹೋಗಲಾರನು. ತಿಳಿವಳಿಕೆಯು ಅಲಂಕಾರವಷ್ಟೇ ಅಲ್ಲ, ಪ್ರಾಣರಕ್ಷಕವೂ ಹೌದು.

ಅಲ್ಲಿಂದ ಅನತಿದೂರದಲ್ಲಿ ಲಾಕ್ ಆರ್ಡ್ ಕಮರಿ ಇದೆ. 1878ರ ಜೂನ್ 1ರಂದು, ಇಂಗ್ಲೆಂಡಿನಿಂದ ಮೆಲ್ಬರ್ನಿಗೆ ಬರುತ್ತಿದ್ದ ಲಾಕ್ ಆರ್ಡ್ ಎಂಬ ಹಡಗು ಅಲ್ಲಿ ಬಂಡೆಗೆ ಬಡಿದು ಮುಳುಗಿತು. 54 ಮಂದಿಯಲ್ಲಿ ಉಳಿದವರು ಇಬ್ಬರೇ: ಟಾಮ್ ಪಿಯರ್ಸ್ ಎಂಬ ತರುಣ ನಾವಿಕ ಮತ್ತು ಈವಾ ಕಾರ್ಮೈಕೆಲ್ ಎಂಬ ತರುಣಿ. ದಡ ಸೇರಿದ್ದ ಟಾಮ್ ಆಕೆಯ ಕೂಗು ಕೇಳಿ ಮತ್ತೆ ನೀರಿಗಿಳಿದು ಆಕೆಯನ್ನು ಕಾಪಾಡಿದನು. ಕಥೆ ಅರಿಯದವನಿಗೆ ಅದು ಮರಳು ಹಾಸಿದ ಚೆಲುವಾದ ಕಮರಿ ಮಾತ್ರ. ಅರಿತವನಿಗೆ ಸಾಹಸದ ರಂಗಭೂಮಿ.

‘ವರ್ಷವೆಲ್ಲ ಪುಸ್ತಕ ಹಿಡಿದವರು ಒಂದು ದಿನ ಹಾಯಾಗಿರಬಾರದೆ? ಅಲ್ಲಿಯೂ ಪಾಠದ ಹೊರೆಯೇಕೆ?’ ಎಂದು ಕೆಲವರು ಕೇಳಬಹುದು. ಈ ಮಾತನ್ನು ಅಲ್ಲಗಳೆಯುವಂತಿಲ್ಲ. ಗೆಳೆಯರೊಡನೆ ಹಾಡುತ್ತ ಸಾಗುವ ಸಂತೋಷಕ್ಕೆ ಅದರದೇ ಬೆಲೆಯಿದೆ. ಆದರೆ ತಿಳಿವು ಸಂತೋಷದ ವೈರಿಯಲ್ಲ. ರಾಗದ ಪರಿಚಯವುಳ್ಳವನು ಸಂಗೀತವನ್ನು ಇತರರಿಗಿಂತ ಹೆಚ್ಚು ಸವಿಯುತ್ತಾನೆಯೇ ಹೊರತು ಕಡಿಮೆಯಲ್ಲ. ನಿಜವಾದ ಹೊರೆ ಪಾಠದ್ದಲ್ಲ, ಆತುರದ್ದು.

ಇದಕ್ಕೆ ಪರಿಹಾರ ಕಠಿಣವಲ್ಲ. ನಿಲುಗಡೆಗಳನ್ನು ಅರ್ಧಕ್ಕೆ ಇಳಿಸಿ, ಪ್ರತಿಯೊಂದು ಕಡೆ ಎರಡು ಪಟ್ಟು ಹೊತ್ತು ನಿಲ್ಲಬಹುದು. ಒಬ್ಬೊಬ್ಬ ವಿದ್ಯಾರ್ಥಿಯೂ ಒಂದೊಂದು ಸ್ಥಳದ ವಿಷಯವನ್ನು ಮೊದಲೇ ಓದಿಕೊಂಡು ಬಸ್ಸಿನಲ್ಲಿ ಇತರರಿಗೆ ಹೇಳಬಹುದು. ಒಬ್ಬನು ಸೈನಿಕರ ಶ್ರಮವನ್ನು ಹೇಳಲಿ, ಇನ್ನೊಬ್ಬಳು ಅಲೆಗಳ ಕೆಲಸವನ್ನು ವಿವರಿಸಲಿ. ಯೂರೋಪಿನವರು ಬರುವುದಕ್ಕೆ ಸಾವಿರಾರು ವರ್ಷಗಳ ಮೊದಲಿನಿಂದ ಆಟ್‌ವೇ ದಂಡೆಯಲ್ಲಿ ಬಾಳಿದ ಗದುಬನುದ್ ಜನರನ್ನು ಮತ್ತೊಬ್ಬನು ಸ್ಮರಿಸಲಿ. ಆಗ ಬಸ್ಸಿನ ಕಿಟಕಿಯೇ ಪುಸ್ತಕದ ಪುಟವಾಗುತ್ತದೆ. ಸುತ್ತುವುದೂ ಓದುವುದೂ ಒಂದೇ ಆಗುತ್ತವೆ.

ಸಾವಿರಾರು ಕೈಗಳು ಹದಿಮೂರು ವರ್ಷ ದುಡಿದು ಮಾಡಿದ ದಾರಿ ಅದು. ಅದರ ಮೇಲೆ ಒಂದು ದಿನ ಹಾಯ್ದು ಹೋಗುವವರು ಆ ಕೈಗಳನ್ನು ಒಂದು ಕ್ಷಣವಾದರೂ ನೆನೆಯುವುದು ಋಣ ಸಲ್ಲಿಸುವ ರೀತಿಯಾಗಿದೆ.